ಐದು ನಕ್ಷತ್ರದ ರೆಗ್ಯುಲೇಟರ್ ಮತ್ತು ಅದರ ಮೂರನೆಯ ವರ್ಷ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒತ್ತಡ ಮಾಪಕಗಳನ್ನು ತಾಳೆ ನೋಡಿ ಪ್ರಮಾಣಪತ್ರ ಕೊಡುವ ಸಣ್ಣ ಕಾರ್ಯಾಗಾರವೊಂದನ್ನು ನಾನು ನಡೆಸುತ್ತೇನೆ. ಬಾಯ್ಲರಿನ ಗೇಜು, ಏರ್ ಕಂಪ್ರೆಸರಿನ ಗೇಜು, ಗ್ಯಾಸ್ ಸಿಲಿಂಡರಿನ ಗೇಜು ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳೊಳಗೆ ಬಿಡುವು ಸಿಕ್ಕಾಗಲೆಲ್ಲ ಯಲ್ಲಾಪುರದ ಮೇಲೆ ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ ತಲುಪಿ ಸ್ಕೂಬಾ ಡೈವಿಂಗ್ ಮಾಡುವುದು ನನ್ನ ಹವ್ಯಾಸ. ಈ ಹವ್ಯಾಸಕ್ಕೆ ಬೇಕಾದ ಸಲಕರಣೆಗಳನ್ನು ಕೊಳ್ಳುವಾಗ ವಿದೇಶಿ ಡೈವಿಂಗ್ ಮಾಸಪತ್ರಿಕೆಗಳ ವಿಮರ್ಶೆಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಾನು ಹಣ ಕಳೆದುಕೊಂಡೇ ಕಲಿತೆ.

ಧಾರವಾಡದ ಸ್ನೇಹಿತರೊಬ್ಬರ ಬಳಿ ಇಂಥ ಪತ್ರಿಕೆಗಳ ಹಳೆಯ ಸಂಚಿಕೆಗಳ ರಾಶಿಯೇ ಇತ್ತು. ಅದರಲ್ಲಿ ಐದು ನಕ್ಷತ್ರ ಪಡೆದಿದ್ದ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಬಾಯಿಗೆ ಕೊಡುವ ಉಪಕರಣ) ಒಂದನ್ನು, ನನ್ನ ಎರಡು ತಿಂಗಳ ಉಳಿತಾಯ ಕೊಟ್ಟು, ಹೊರದೇಶದಿಂದ ಬರುತ್ತಿದ್ದ ಸಂಬಂಧಿಕರೊಬ್ಬರ ಕೈಯಲ್ಲಿ ತರಿಸಿದೆ. ಮೊದಲನೆಯ ತೊಡಕು ದೋಣಿಯಲ್ಲೇ ಎದುರಾಯಿತು. ನನ್ನದು ಸಿಲಿಂಡರಿನ ಬಾಯಿಗೆ ತಿರುಪಿ ಕೂಡಿಸುವ ಡಿನ್ ಜೋಡಣೆಯದು. ದೋಣಿಯಲ್ಲಿದ್ದ ಅಲ್ಯೂಮಿನಿಯಂ ಸಿಲಿಂಡರುಗಳ ಬಾಯಿಯೋ ಮೇಲಿನಿಂದ ಹಿಡಿಕೆ ಬಿಗಿಯುವ ಯೋಕ್ ಮಾದರಿಯದು. ಅಂದು ಬಾಡಿಗೆಯ ರೆಗ್ಯುಲೇಟರಿನಲ್ಲೇ ನೀರಿಗಿಳಿದೆ. ಅಡಾಪ್ಟರ್ ತರಿಸಿಕೊಂಡ ಮೇಲೆ ಎರಡು ಹಂಗಾಮು ಅದು ಚೆನ್ನಾಗಿಯೇ ನಡೆಯಿತು. ಮೂರನೆಯ ಹಂಗಾಮಿನಲ್ಲಿ ಅದರ ಬಾಯಿಯ ಕಡೆಯ ಘಟಕವಾದ ಸೆಕೆಂಡ್ ಸ್ಟೇಜಿನಿಂದ ಬಿಟ್ಟೂಬಿಡದೆ ಗಾಳಿ ಸೋರತೊಡಗಿತು. ಕರಾವಳಿಯಲ್ಲಿ ರೆಗ್ಯುಲೇಟರ್ ಬಿಚ್ಚಿ ಸರ್ವಿಸ್ ಮಾಡುವವರೊಬ್ಬರ ಬಳಿ ಒಯ್ದಾಗ ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸಾಮಾನು ಒಳ್ಳೇದೇ ಸರ್, ಆದ್ರೆ ಇದರ ಕಿಟ್ ನಮ್ಮಲ್ಲಿ ಸಿಗೂದಿಲ್ಲ" ಎಂದರು. ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಮತ್ತು ಸೀಟುಗಳಿರುವ ಆ ಚಿಕ್ಕ ಪೊಟ್ಟಣವನ್ನು ಹೊರಗಿನಿಂದ ತರಿಸುವಷ್ಟರಲ್ಲಿ ಆ ವರ್ಷದ ಹಂಗಾಮು ಮುಗಿದೇ ಹೋಗಿತ್ತು.

ಆಗ ಅದೇ ವಿಮರ್ಶೆಯನ್ನು ಮತ್ತೊಮ್ಮೆ, ಈ ಸಲ ನನ್ನ ಕಸುಬಿನವನ ಕಣ್ಣಿನಿಂದ ಓದಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಾರ್ಖಾನೆಯೊಂದು ನೂರು ಗೇಜುಗಳಲ್ಲಿ ಒಂದನ್ನು ತಾನೇ ಆರಿಸಿ ನನ್ನಲ್ಲಿಗೆ ಕಳಿಸಿದರೆ, ನಾನು ಕೊಡುವ ಪ್ರಮಾಣಪತ್ರ ಆ ಕ್ರಮಾಂಕದ ಆ ಒಂದು ಗೇಜಿಗೆ, ಆ ದಿನಾಂಕಕ್ಕೆ ಮಾತ್ರ ಸಲ್ಲುತ್ತದೆ. ಉಳಿದ ತೊಂಬತ್ತೊಂಬತ್ತರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಮುಂದಿನ ವರ್ಷದ ಬಗ್ಗೆಯೂ ಹೇಳುವುದಿಲ್ಲ. ಪತ್ರಿಕೆಯವರು ಪರೀಕ್ಷಿಸಿದ್ದು ಕಂಪನಿಯೇ ಕಳಿಸಿದ್ದ ಹೊಚ್ಚ ಹೊಸ ರೆಗ್ಯುಲೇಟರನ್ನು, ಕೆಲವೇ ದಿನಗಳ ಮಟ್ಟಿಗೆ. ನಾನು ಓದುವಾಗ ಅದನ್ನು ಮೂರು ವರ್ಷ ಉಪ್ಪುನೀರು ಕುಡಿದ ರೆಗ್ಯುಲೇಟರಿನ ಬಗೆಗಿನ ಭರವಸೆ ಎಂದು ತಿಳಿದುಕೊಂಡಿದ್ದೆ. ನಮ್ಮ ಕುಂದಗೋಳ, ನವಲಗುಂದದ ರೈತರು ಧಾರವಾಡದ ಕೃಷಿ ಮೇಳದಲ್ಲಿ ಟ್ರ್ಯಾಕ್ಟರನ್ನು ಸುತ್ತು ಹಾಕಿ ನೋಡುತ್ತಾರೆ, ಕರಪತ್ರವನ್ನೂ ತರುತ್ತಾರೆ, ಆದರೆ ಮುಂಗಡ ಕೊಡುವ ಮುನ್ನ ಅದನ್ನು ಎರಡು ಹಂಗಾಮು ಎರೆಹೊಲದಲ್ಲಿ ಓಡಿಸಿದವರ ಮನೆಗೆ ಹೋಗಿ, "ಎಷ್ಟು ಸಲ ಗ್ಯಾರೇಜಿಗೆ ಹೋತ್ರಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ಯಾರಲ್ಲೂ ಕೇಳಿರಲಿಲ್ಲ.

ಜಾಹೀರಾತಿನ ವಿಷಯವನ್ನೂ ಹೇಳಲೇಬೇಕು. ವಿಮರ್ಶೆಯ ಎದುರು ಪುಟದಲ್ಲೇ ಅದೇ ಕಂಪನಿಯ ಜಾಹೀರಾತು ಇರುವುದು ಈ ಪತ್ರಿಕೆಗಳಲ್ಲಿ ಅಪರೂಪವಲ್ಲ. ಇದರಿಂದ ಬರೆಯುವವರು ಸುಳ್ಳು ಬರೆಯುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ನಾನು ಓದಿದ ಅಷ್ಟೂ ಸಂಚಿಕೆಗಳಲ್ಲಿ "ಇದನ್ನು ಕೊಳ್ಳಬೇಡಿ" ಎಂಬ ಮಾತು ಒಮ್ಮೆಯೂ ಕಾಣಲಿಲ್ಲ. ದೋಷವಿದ್ದಲ್ಲಿ "ಇನ್ನಷ್ಟು ಸುಧಾರಿಸಬಹುದಿತ್ತು" ಎಂದು ಮೆಲ್ಲಗೆ ದಾಟಿಬಿಡುತ್ತಾರೆ. ಅಮೆರಿಕದಲ್ಲಿ 1936ರಲ್ಲಿ ಆರಂಭವಾದ ಕನ್ಸ್ಯೂಮರ್ ರಿಪೋರ್ಟ್ಸ್ ಜಾಹೀರಾತು ತೆಗೆದುಕೊಳ್ಳದೆ, ವಸ್ತುಗಳನ್ನು ಅಂಗಡಿಯಲ್ಲಿ ತಾನೇ ಕೊಂಡು ಪರೀಕ್ಷಿಸುತ್ತದೆ. ಡೈವಿಂಗ್ ಲೋಕದಲ್ಲೂ 1975ರಿಂದ ನಡೆದುಬಂದ ಅಂಡರ್‌ಕರೆಂಟ್ ಎಂಬ ವಾರ್ತಾಪತ್ರ ಜಾಹೀರಾತಿಲ್ಲದೆ ಚಂದಾದಾರರ ಹಣದಿಂದಲೇ ನಡೆಯುತ್ತದೆ. ಈ ಎರಡರ ಬರಹವನ್ನು ಓದಿದ ಮೇಲೆ, ಹೊಗಳಿಕೆ ಇಲ್ಲದ ವಾಕ್ಯ ಹೇಗಿರುತ್ತದೆ ಎಂಬುದು ನನಗೆ ಗೊತ್ತಾಯಿತು.

ಹಾಗೆಂದು ಪತ್ರಿಕೆಗಳನ್ನು ನಾನು ಬಿಟ್ಟಿಲ್ಲ. ಅವುಗಳಲ್ಲಿರುವ ಅಳತೆಗಳು ನನಗೆ ಬೇಕು. ಅಮೆರಿಕದ 'ಸ್ಕೂಬಾ ಡೈವಿಂಗ್' ಪತ್ರಿಕೆಯ ಪರೀಕ್ಷಾ ತಂಡವಾದ ಸ್ಕೂಬಾಲ್ಯಾಬ್‌ನವರು ರೆಗ್ಯುಲೇಟರುಗಳನ್ನು ಆನ್‌ಸ್ಟಿ ಎಂಬ ಉಸಿರಾಟದ ಯಂತ್ರಕ್ಕೆ ಜೋಡಿಸಿ, ಒಂದು ಲೀಟರ್ ಗಾಳಿಯನ್ನು ಎಳೆದು ಬಿಡಲು ಎಷ್ಟು ಜೂಲ್ ಶ್ರಮ ಬೇಕು ಎಂಬುದನ್ನು ಅಳೆದಿದ್ದಾರೆ. ಇಂಥ ಅಂಕಿಗಳಿಗೆ ಬೆಲೆಯಿದೆ, ಏಕೆಂದರೆ ಬೇರೊಬ್ಬರು ಅದೇ ಯಂತ್ರದಲ್ಲಿ ಮತ್ತೆ ಅಳೆದು ನೋಡಬಹುದು. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ 50 ಮೀಟರ್ ಆಳದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ ಈ ಶ್ರಮ ಲೀಟರಿಗೆ 3 ಜೂಲ್ ಮೀರಬಾರದು. ಆದರೆ ಒಂದು ರೆಗ್ಯುಲೇಟರಿಗೆ 1.0, ಇನ್ನೊಂದಕ್ಕೆ 1.4 ಬಂದಿತೆಂದು ಮೊದಲನೆಯದಕ್ಕೆ ಒಂದು ನಕ್ಷತ್ರ ಹೆಚ್ಚು ಕೊಟ್ಟಾಗ, ಆ ವ್ಯತ್ಯಾಸ ನನಗೆ ಎಲ್ಲಿ ತಟ್ಟುತ್ತದೆ ಎಂದು ಕೇಳಿಕೊಳ್ಳಬೇಕಾಗುತ್ತದೆ. 50 ಮೀಟರ್ ಆಳದಲ್ಲಿ ಉಸಿರಾಡುವ ಗಾಳಿ ಸಮುದ್ರದ ಮೇಲ್ಮೈಗಿಂತ ಆರು ಪಟ್ಟು ದಟ್ಟವಾಗಿರುತ್ತದೆ. ನಾನು ನೇತ್ರಾಣಿಯಲ್ಲಿ ಹೆಚ್ಚಿನ ಹೊತ್ತು ಕಳೆಯುವ 15 ಮೀಟರಿನಲ್ಲಿ ಎರಡೂವರೆ ಪಟ್ಟು ಮಾತ್ರ, ಉಸಿರಾಟದ ವೇಗವೂ ಪರೀಕ್ಷೆಯ ಮೂರನೆಯ ಒಂದು ಭಾಗದಷ್ಟೇ. ಅಲ್ಲಿ ಎರಡೂ ನನಗೆ ಒಂದೇ. ತಣ್ಣೀರಿನಲ್ಲಿ ಹೆಪ್ಪುಗಟ್ಟುವುದಿಲ್ಲ ಎಂಬ ಹೊಗಳಿಕೆಯೂ ನಮ್ಮ ಬೆಚ್ಚನೆಯ ಅರಬ್ಬೀ ಸಮುದ್ರದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ನೀರಿನಡಿಯ ಆಳ ಮತ್ತು ಸಮಯದ ಲೆಕ್ಕವಿಡುವ ಡೈವ್ ಕಂಪ್ಯೂಟರಿನ ವಿಮರ್ಶೆಗಳು ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿದವು. ಪರದೆಯ ಬಣ್ಣ, ಗುಂಡಿಗಳ ಸಂಖ್ಯೆ, ಮೊಬೈಲಿಗೆ ಜೋಡಿಸುವ ಬಗೆ ಇವುಗಳಿಗೆ ಪುಟಗಟ್ಟಲೆ ಜಾಗವಿರುತ್ತದೆ. ಹುಬ್ಬಳ್ಳಿಯವನಾದ ನನಗೆ ಬೇಕಾದ ಸಂಗತಿ ಅಲ್ಲಿರುವುದಿಲ್ಲ. ದೇಹದಲ್ಲಿ ಕರಗಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗದಿರಲೆಂದು ಡೈವಿಂಗ್ ಮುಗಿಸಿದವರು ವಿಮಾನ ಏರುವ ಮುನ್ನ ಕಾಯಬೇಕಾದ ಅವಧಿ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಎಂಬ, ಡೈವಿಂಗ್ ಸುರಕ್ಷತೆಗೆ ದುಡಿಯುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯವಾಗುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಧಾರವಾಡ 700 ಮೀಟರಿಗಿಂತಲೂ ಮೇಲಿದೆ. ಅಂದರೆ ಮಧ್ಯಾಹ್ನ ಎರಡನೆಯ ಡೈವ್ ಮುಗಿಸಿ ಸಂಜೆಯೇ ಕಾರಿನಲ್ಲಿ ಘಟ್ಟ ಹತ್ತಿ ಮನೆ ಸೇರುವವರೂ ಆ ಎಚ್ಚರಿಕೆಯ ಅಂಚಿಗೆ ಬರುತ್ತಾರೆ. ಕಂಪ್ಯೂಟರಿನ "ನೋ ಫ್ಲೈ" ಗಡಿಯಾರ ವಿಮಾನಕ್ಕೆ ಮಾತ್ರ ಎಂದು ತಿಳಿದು ನಾನೂ ಒಂದೆರಡು ಸಲ ಹಾಗೆ ಬಂದಿದ್ದೆ. ಈಗ ಆ ಗಡಿಯಾರ ಮುಗಿಯುವವರೆಗೆ ಮುರ್ಡೇಶ್ವರದಲ್ಲೇ ಉಳಿಯುತ್ತೇನೆ, ಮರುದಿನ ಅಂಗಡಿ ತಡವಾಗಿ ತೆರೆದರೂ ಸರಿ.

ಈಗ ನಾನು ಕೊಳ್ಳುವ ಬಗೆ ಬೇರೆ. ಮೊದಲು ಕರಾವಳಿಯ ಸರ್ವಿಸ್ ಮಾಡುವವರಿಗೆ ಫೋನ್ ಮಾಡಿ ಯಾವ ಮಾದರಿಗಳ ಕಿಟ್ ಅವರ ಬಳಿ ಸದಾ ಇರುತ್ತದೆ, ಯಾವುದು ಪದೇ ಪದೇ ಅವರಲ್ಲಿಗೆ ಬರುತ್ತದೆ ಎಂದು ಕೇಳುತ್ತೇನೆ. ಹಂಗಾಮಿಡೀ ಬಾಡಿಗೆಗೆ ಓಡುವ ರೆಗ್ಯುಲೇಟರುಗಳು ಯಾವುವು ಎಂದು ದೋಣಿಯವರಿಂದ ತಿಳಿದುಕೊಂಡು, ಅಂಥದ್ದೊಂದನ್ನು ಬಾಯಲ್ಲಿಟ್ಟು ನಾಲ್ಕಾರು ಡೈವ್ ಮಾಡುತ್ತೇನೆ. ಆಮೇಲೆ ಮಾತ್ರ ಪತ್ರಿಕೆ ತೆರೆದು, ನಕ್ಷತ್ರಗಳನ್ನು ಬಿಟ್ಟು, ಅಳತೆಯ ಪಟ್ಟಿಯನ್ನು ನೋಡುತ್ತೇನೆ.

ಕೊಂಡ ದಿನವೇ ಅದನ್ನು ನನ್ನ ಮೇಜಿನ ಮೇಲೆ ಅಳೆಯುತ್ತೇನೆ. ಸಿಲಿಂಡರಿಗೆ ಕೂಡುವ ಘಟಕವಾದ ಫಸ್ಟ್ ಸ್ಟೇಜ್, ಸಿಲಿಂಡರಿನ 200 ಬಾರ್ ಒತ್ತಡವನ್ನು 9ರಿಂದ 10 ಬಾರಿಗೆ ಇಳಿಸಿ ಅಲ್ಲಿಯೇ ನಿಲ್ಲಬೇಕು. ತಾಳೆ ನೋಡಿದ ಗೇಜನ್ನು ಜೋಡಿಸಿ ಹತ್ತು ನಿಮಿಷ ಬಿಟ್ಟಾಗ ಮುಳ್ಳು ನಿಧಾನವಾಗಿ ಮೇಲೇರಿದರೆ ಒಳಗಿನ ಸೀಟು ಸವೆದಿದೆ ಎಂದರ್ಥ. ಸೆಕೆಂಡ್ ಸ್ಟೇಜಿಗೆ ಒಂದು ಬಕೆಟ್ ನೀರು ಸಾಕು. ಗಾಳಿ ತೆರೆದಿಟ್ಟು, ಬಾಯಿಗಿಡುವ ಭಾಗವನ್ನು ಮೇಲಕ್ಕೆ ಮಾಡಿ ಮೆಲ್ಲಗೆ ನೀರಿಗಿಳಿಸಿದರೆ, ಕೆಳಗಿನ ಡಯಾಫ್ರಮ್ ಎಂಬ ತೆಳು ಪೊರೆ ನೀರಿನ ಮಟ್ಟದಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ಹೋದಾಗ ಗಾಳಿ ಸುಯ್ಯೆನ್ನತೊಡಗುತ್ತದೆ. ಉಸಿರೆಳೆಯಲು ಬೇಕಾಗುವ ಮೊದಲ ಶ್ರಮದ ಅಳತೆ ಅದೇ. ಈ ಎರಡು ಅಂಕಿಗಳನ್ನು ದಿನಾಂಕದೊಡನೆ ವಹಿಯಲ್ಲಿ ಬರೆದಿಡುತ್ತೇನೆ. ಒಳಗಿನ ತಿರುಪಿಗೆ ಮಾತ್ರ ನಾನು ಕೈ ಹಚ್ಚುವುದಿಲ್ಲ. ಅಳೆಯುವುದು ನನ್ನ ಕಸುಬಾದರೂ ಜೀವ ಉಳಿಸುವ ಉಪಕರಣವನ್ನು ತಿದ್ದುವ ತರಬೇತಿ ನನಗಿಲ್ಲ.

ಕಳೆದ ತಿಂಗಳು ಧಾರವಾಡದ ಯುವಕನೊಬ್ಬ ಪತ್ರಿಕೆಯ ಪುಟವೊಂದನ್ನು ಮಡಚಿಕೊಂಡು ಅಂಗಡಿಗೆ ಬಂದ. "ಅಣ್ಣಾರ, ಇದಕ್ಕ ಐದು ಸ್ಟಾರ್ ಕೊಟ್ಟಾರ, ತಗೊಳ್ಳಲೇನ್ರಿ?" ಎಂದು ಕೇಳಿದ. ನಾನು ನನ್ನ ವಹಿ ತೆರೆದು, ಈಗಿನ ರೆಗ್ಯುಲೇಟರಿನ ಫಸ್ಟ್ ಸ್ಟೇಜ್ ಒತ್ತಡದ ನಾಲ್ಕು ವರ್ಷಗಳ ಅಂಕಿಗಳನ್ನು ಅವನ ಮುಂದಿಟ್ಟೆ: 9.5, 9.5, 9.6, ಸರ್ವಿಸ್ ಆದ ಮೇಲೆ ಮತ್ತೆ 9.5. ಅವನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತು, ಕೊನೆಗೆ ಸರ್ವಿಸ್ ಮಾಡುವವರ ಫೋನ್ ನಂಬರನ್ನು ಪತ್ರಿಕೆಯ ಆ ಪುಟದ ಅಂಚಿನಲ್ಲೇ ಬರೆದುಕೊಂಡು ಹೋದ.