ದೂರಪ್ರಯಾಣದ ಬೈಕಿಗೆ ಎತ್ತರದ ಹ್ಯಾಂಡಲ್: ಅಳತೆ, ಆಯ್ಕೆ, ಜೋಡಣೆ

ಮಂಗಳೂರು, ಉಡುಪಿಗಳಿಂದ ಹೊರಟು ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಹತ್ತಿ ದೂರದ ಊರುಗಳಿಗೆ ಬೈಕಿನಲ್ಲಿ ಹೋಗುವವರಲ್ಲಿ ಅನೇಕರಿಗೆ ಕೆಲವು ದೀರ್ಘ ಪ್ರಯಾಣಗಳಾದ ಮೇಲೆ ಹ್ಯಾಂಡಲ್ ಎತ್ತರಿಸಬೇಕೆಂಬ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ, ಹ್ಯಾಂಡಲ್ ಸರಿಯಾದ ಜಾಗಕ್ಕೆ ಬಂದರೆ ಸಂಜೆಯ ಹೊತ್ತಿಗೂ ಕೈ, ಹೆಗಲು, ಕುತ್ತಿಗೆ ದಣಿಯದೆ ಉಳಿಯುತ್ತವೆ, ಮತ್ತು ದಣಿಯದ ಸವಾರನ ಗಮನ ರಸ್ತೆಯ ಮೇಲೆ ಇರುತ್ತದೆ. ಆದರೆ ಎಷ್ಟು ಎತ್ತರ ಬೇಕು ಎಂಬುದನ್ನು ಅಂಗಡಿಯಲ್ಲಿ ನೇತುಹಾಕಿದ ಹ್ಯಾಂಡಲ್‌ಗಳನ್ನು ನೋಡಿ ತೀರ್ಮಾನಿಸಲು ಬರುವುದಿಲ್ಲ. ಅದನ್ನು ನಿಮ್ಮದೇ ಬೈಕಿನ ಮೇಲೆ ಕುಳಿತು ಅಳೆಯಬೇಕು, ಮತ್ತು ಹೀಗೆ ಅಳೆದಾಗ ಸಿಗುವ ಅಂತರ ಬಹುತೇಕ ಸಂದರ್ಭಗಳಲ್ಲಿ ನಾವು ಊಹಿಸಿದ್ದಕ್ಕಿಂತ ಚಿಕ್ಕದಾಗಿರುತ್ತದೆ.

ಮೊದಲು ನೋವು ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಮೈಯ ಭಾರ ಅಂಗೈಗಳ ಮೇಲೆ ಬಿದ್ದು ಬೆರಳುಗಳು ಮರಗಟ್ಟುತ್ತಿದ್ದರೆ, ಕುತ್ತಿಗೆಯನ್ನು ಸದಾ ಮೇಲಕ್ಕೆತ್ತಿ ನೋಡಬೇಕಾಗುತ್ತಿದ್ದರೆ, ಹ್ಯಾಂಡಲ್ ತಗ್ಗಿನಲ್ಲಿರಬಹುದು ಅಥವಾ ದೂರದಲ್ಲಿರಬಹುದು. ಇವೆರಡೂ ಬೇರೆ ಬೇರೆ ದೋಷಗಳು, ಇವುಗಳ ಪರಿಹಾರವೂ ಬೇರೆ. ಹೆಗಲಿನ ಮೇಲ್ಭಾಗ ಬಿಗಿದು ನೋಯುತ್ತಿದ್ದರೆ ಹ್ಯಾಂಡಲ್ ಈಗಾಗಲೇ ಎತ್ತರವಾಗಿರುವ ಅಥವಾ ಅತಿ ಅಗಲವಾಗಿರುವ ಸಾಧ್ಯತೆ ಇದೆ. ಅಂಥವರು ಇನ್ನಷ್ಟು ಎತ್ತರಿಸಿದರೆ ನೋವು ಹೆಚ್ಚುತ್ತದೆ. ಸೊಂಟದ ಕೆಳಭಾಗ ಮತ್ತು ಬೆನ್ನುಮೂಳೆಯ ತುದಿ ನೋಯುವವರು ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ತೀರಾ ನೆಟ್ಟಗೆ ಕುಳಿತಾಗ ಹೊಂಡದ ಪ್ರತಿಯೊಂದು ಹೊಡೆತವೂ ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ, ಮತ್ತು ಮಳೆಗಾಲ ಮುಗಿದ ಕೂಡಲೇ ನಮ್ಮ ಘಾಟಿ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಸವಾರ ಜಾರುತ್ತಾ ಟ್ಯಾಂಕಿಗೆ ತಾಗಿ ಕೂರುತ್ತಾನೆ, ಜಾರದಂತೆ ಕೈಯಿಂದ ತಡೆಯುತ್ತಿರುತ್ತಾನೆ. ಅಂಥಲ್ಲಿ ಮೊದಲು ಸರಿಪಡಿಸಬೇಕಾದದ್ದು ಸೀಟನ್ನು.

ಅಳೆಯಲು ಇನ್ನೊಬ್ಬರ ನೆರವು ಬೇಕು. ಸಮತಟ್ಟಾದ ನೆಲದಲ್ಲಿ ಬೈಕನ್ನು ನಿಲ್ಲಿಸಿ, ಪ್ರಯಾಣದಲ್ಲಿ ಧರಿಸುವ ಜಾಕೆಟ್, ಬೂಟು, ಗ್ಲೌಸ್‌ಗಳನ್ನೇ ಧರಿಸಿ, ಟ್ಯಾಂಕ್ ಬ್ಯಾಗ್ ಇಟ್ಟುಕೊಳ್ಳುವವರಾದರೆ ಅದನ್ನೂ ಕಟ್ಟಿಕೊಂಡು, ಕಾಲುಗಳನ್ನು ಫುಟ್‌ರೆಸ್ಟ್ ಮೇಲಿಟ್ಟು ಕುಳಿತುಕೊಳ್ಳಿ. ಕಣ್ಣು ಮುಚ್ಚಿ ಬೆನ್ನನ್ನು ಸ್ವಲ್ಪವೇ ಮುಂದಕ್ಕೆ ಬಾಗಿಸಿ, ಹೆಗಲನ್ನು ಸಡಿಲಬಿಟ್ಟು, ಮೊಣಕೈ ತುಸು ಮಡಚಿ, ಮಣಿಕಟ್ಟು ಮುಂಗೈಯ ನೇರಕ್ಕೇ ಇರುವಂತೆ ಕೈಗಳನ್ನು ಮುಂದೆ ಚಾಚಿ. ಕೈಗಳು ಸಹಜವಾಗಿ ನಿಂತ ಜಾಗಕ್ಕೂ ಈಗಿರುವ ಗ್ರಿಪ್‌ಗೂ ನಡುವೆ ಮೇಲಕ್ಕೆ ಎಷ್ಟು, ಹಿಂದಕ್ಕೆ ಎಷ್ಟು, ಅಗಲದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಜೊತೆಗಿರುವವರು ಟೇಪಿನಿಂದ ಅಳೆದು ಬರೆದುಕೊಳ್ಳಲಿ. ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡರೆ ಬೆನ್ನಿನ ಬಾಗು ನಿಮಗೇ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇದನ್ನೇ ಮತ್ತೆ ಮಾಡಿ, ಏಕೆಂದರೆ ಮೊದಲ ಸಲ ಎಲ್ಲರೂ ತಮಗೆ ಅರಿವಿಲ್ಲದೆ ಸ್ವಲ್ಪ ಠೀವಿಯಿಂದ ಕುಳಿತಿರುತ್ತಾರೆ. ಕಚ್ಚಾ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ನಿಂತು ಓಡಿಸುವ ಅಭ್ಯಾಸವಿರುವವರು ನಿಂತ ಭಂಗಿಯಲ್ಲೂ ಅಳೆಯಬೇಕು. ಎರಡು ಭಂಗಿಗಳೂ ಒಂದೇ ಎತ್ತರವನ್ನು ಕೇಳುವುದಿಲ್ಲವಾದ್ದರಿಂದ, ಹೆಚ್ಚು ಹೊತ್ತು ಯಾವ ಭಂಗಿಯಲ್ಲಿ ಇರುತ್ತೀರೋ ಅದಕ್ಕೆ ಮನ್ನಣೆ ಕೊಡಿ.

ಈ ಅಂಕಿಗಳು ಕೈಗೆ ಬಂದ ಮೇಲೆ ಹಣ ಖರ್ಚಾಗದ ದಾರಿಯನ್ನು ಮೊದಲು ನೋಡಬೇಕು. ಹ್ಯಾಂಡಲ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ಹಿಂದಕ್ಕೆ ಅಥವಾ ಮುಂದಕ್ಕೆ ತಿರುಗಿಸಿದರೆ ಕೆಲವು ಮಿಲಿಮೀಟರ್ ಅಲ್ಲಿಯೇ ಸಿಗುತ್ತದೆ. ಅನೇಕ ಹೊಸ ಹ್ಯಾಂಡಲ್‌ಗಳ ಮೇಲೆ ಇದಕ್ಕಾಗಿ ಗುರುತುಗಳೇ ಇರುತ್ತವೆ. ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಮುಂಗೈಯ ನೇರಕ್ಕೆ ಬರುವಂತೆ ಕೆಳಕ್ಕೆ ವಾಲಿಸಿದರೆ ಮಣಿಕಟ್ಟಿನ ನೋವು ಅಷ್ಟರಿಂದಲೇ ಕಡಿಮೆಯಾಗುವುದುಂಟು. ಇದರಿಂದ ಸಮಸ್ಯೆ ಬಗೆಹರಿದರೆ ಮುಂದಿನದ್ಯಾವುದೂ ಬೇಕಾಗಿಲ್ಲ.

ಬಗೆಹರಿಯದಿದ್ದರೆ ರೈಸರ್ ಹಾಕಬಹುದು ಅಥವಾ ಹ್ಯಾಂಡಲನ್ನೇ ಬದಲಿಸಬಹುದು. ರೈಸರ್ ಎಂದರೆ ಹ್ಯಾಂಡಲಿನ ಕ್ಲ್ಯಾಂಪಿನ ಕೆಳಗೆ ಕೂರುವ ಲೋಹದ ಎತ್ತುಗಟ್ಟೆ. ಹಳೆಯ ಹ್ಯಾಂಡಲಿನ ಆಕಾರ ನಿಮಗೆ ಒಗ್ಗಿದ್ದು, ಅದು ತುಸು ಮೇಲೆ ಮತ್ತು ಹತ್ತಿರಕ್ಕೆ ಬಂದರೆ ಸಾಕು ಎನ್ನುವವರಿಗೆ ಇದೇ ಉತ್ತಮ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ, ಅಂದರೆ ಫೋರ್ಕು, ಲಂಬವಾಗಿ ನಿಂತಿಲ್ಲ, ಹಿಂದಕ್ಕೆ ವಾಲಿದೆ. ಆದ್ದರಿಂದ ಅದೇ ಓರೆಯಲ್ಲಿ ಕೂರುವ ರೈಸರ್ ಹ್ಯಾಂಡಲನ್ನು ಮೇಲಕ್ಕಷ್ಟೇ ಅಲ್ಲದೆ ಸವಾರನ ಕಡೆಗೂ ತರುತ್ತದೆ. ಓರೆ 25 ಡಿಗ್ರಿ ಇದ್ದು 30 ಮಿ.ಮೀ. ರೈಸರ್ ಹಾಕಿದರೆ ಹ್ಯಾಂಡಲ್ ಸುಮಾರು 27 ಮಿ.ಮೀ. ಮೇಲೇರಿ, ಸುಮಾರು 13 ಮಿ.ಮೀ. ಹಿಂದಕ್ಕೆ ಬರುತ್ತದೆ. ನೀವು ಬರೆದುಕೊಂಡ ಅಳತೆಗೆ ಇದು ಹೊಂದಿದರೆ ಹ್ಯಾಂಡಲ್ ಬದಲಿಸುವ ಅಗತ್ಯವೇ ಬೀಳುವುದಿಲ್ಲ. ಎತ್ತರ ಮಾತ್ರ ಬೇಕು, ಹಿಂದಕ್ಕೆ ಬರಬಾರದು ಎನ್ನುವವರು ಮುಂದಕ್ಕೆ ಸರಿಸಲು ಅವಕಾಶವಿರುವ ರೈಸರನ್ನು ಹುಡುಕಬೇಕು. ಮೊದಲ ಪ್ರಯತ್ನದಲ್ಲಿ 20ರಿಂದ 30 ಮಿ.ಮೀ. ದಾಟದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟರಲ್ಲಿಯೇ ಕೂರುವ ಭಂಗಿ ಗಮನಾರ್ಹವಾಗಿ ಬದಲಾಗುತ್ತದೆ. ಒಂದರ ಮೇಲೊಂದು ರೈಸರ್ ಪೇರಿಸುವುದನ್ನು ಮಾತ್ರ ಯಾರೂ ಮಾಡಬಾರದು. ಕ್ಲ್ಯಾಂಪಿನ ಅಡಿಯಲ್ಲಿ ರಬ್ಬರ್ ಬುಷ್ (ನಡುಕ ತಡೆಯುವ ರಬ್ಬರ್ ಬಳೆ) ಇರುವ ಬೈಕುಗಳಲ್ಲಿ ರೈಸರ್ ಎತ್ತರವಾದಷ್ಟೂ ಬುಷ್ ಮೇಲೆ ಬೀಳುವ ಎಳೆತ ಹೆಚ್ಚಿ, ಹ್ಯಾಂಡಲ್ ತೂಗಾಡಿದಂತೆ ಅನಿಸತೊಡಗುತ್ತದೆ.

ಹ್ಯಾಂಡಲನ್ನೇ ಬದಲಿಸುವವರು ನಾಲ್ಕು ಅಳತೆಗಳನ್ನು ಒಟ್ಟಿಗೆ ನೋಡಬೇಕು: ಕ್ಲ್ಯಾಂಪಿನಿಂದ ಗ್ರಿಪ್‌ವರೆಗಿನ ಏರು, ತುದಿಯಿಂದ ತುದಿಗೆ ಅಗಲ, ಸವಾರನ ಕಡೆಗಿನ ಬಾಗು, ಕ್ಲ್ಯಾಂಪಿನಲ್ಲಿ ಕೂರುವ ಭಾಗದ ವ್ಯಾಸ. ನಮ್ಮಲ್ಲಿ ಓಡುವ ಹೆಚ್ಚಿನ ಬೈಕುಗಳಲ್ಲಿ ಗ್ರಿಪ್ ಇರುವ ಕಡೆ ವ್ಯಾಸ 22 ಮಿ.ಮೀ.; ಕ್ಲ್ಯಾಂಪಿನ ಕಡೆ ಕೆಲವಕ್ಕೆ ಅದೇ 22, ನಡುವೆ ದಪ್ಪವಾಗಿ ತುದಿಗೆ ಸಣ್ಣಗಾಗುವ ಹ್ಯಾಂಡಲ್‌ಗಳಿಗೆ 28.6, ಹಾರ್ಲೆ ಮಾದರಿಯವಕ್ಕೆ 25.4 ಮಿ.ಮೀ. ಇರುತ್ತದೆ. ವ್ಯಾಸ ಹೊಂದದ ಹ್ಯಾಂಡಲಿಗೆ ತಗಡು ಸುತ್ತಿ ಬಿಗಿಯುವುದು ಅಪಾಯಕಾರಿ. ಏರನ್ನು ಎಲ್ಲ ತಯಾರಕರೂ ಒಂದೇ ಬಿಂದುವಿನಿಂದ ಅಳೆಯುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲಿನ ಅಂಕಿಯನ್ನು ನೆಚ್ಚದೆ, ಹಳೆಯ ಹ್ಯಾಂಡಲನ್ನು ಬಿಚ್ಚಿಸಿ ದೊಡ್ಡ ರಟ್ಟಿನ ಮೇಲಿಟ್ಟು ಅದರ ಅಂಚನ್ನು ಪೆನ್ಸಿಲಿನಿಂದ ಎಳೆದುಕೊಂಡು, ಆ ರಟ್ಟನ್ನು ಅಂಗಡಿಗೆ ಒಯ್ದು ಹೊಸದನ್ನು ಅದರ ಮೇಲಿಟ್ಟು ಹೋಲಿಸಿ ನೋಡಿ. ಅಗಲ ಹೆಚ್ಚಾದರೆ ತಿರುಗಿಸುವುದು ಹಗುರವಾಗುತ್ತದೆ, ಆದರೆ ಪೂರ್ತಿ ತಿರುಗಿಸಿದಾಗ ಹೊರಗಿನ ಕೈ ಇನ್ನೂ ದೂರ ಚಾಚಬೇಕಾಗುತ್ತದೆ, ಮತ್ತು ಉಡುಪಿಯ ರಥಬೀದಿಯ ಸುತ್ತಲಿನ ಓಣಿಗಳಲ್ಲಿ, ಪಂಪ್‌ವೆಲ್ ಅಥವಾ ನಂತೂರಿನ ದಟ್ಟಣೆಯಲ್ಲಿ ನುಸುಳುವುದು ಕಷ್ಟವಾಗುತ್ತದೆ. ಅಂಗೈ ಹೆಗಲಿಗಿಂತ ಮೇಲೇರುವ ಹ್ಯಾಂಡಲ್‌ಗಳನ್ನು ದೂರಪ್ರಯಾಣಕ್ಕೆ ನಾನು ಸರ್ವಥಾ ಶಿಫಾರಸು ಮಾಡುವುದಿಲ್ಲ; ಕೈಯಲ್ಲಿ ರಕ್ತ ಸಲೀಸಾಗಿ ಹರಿಯದೆ ಬೇಗ ಸೋಲುತ್ತದೆ, ತುರ್ತಿನಲ್ಲಿ ಬೈಕಿನ ಮೇಲಿನ ಹಿಡಿತವೂ ತಪ್ಪುತ್ತದೆ.

ಕರಾವಳಿಯಲ್ಲಿ ಲೋಹದ ಆಯ್ಕೆಗೂ ಮಹತ್ವವಿದೆ. ಕ್ರೋಮ್ ಹಾಕಿದ ಉಕ್ಕಿನ ಹ್ಯಾಂಡಲ್ ಹೊರಗೆ ಹೊಳೆಯುತ್ತಿದ್ದರೂ ಉಪ್ಪುಗಾಳಿ ಮತ್ತು ಮಳೆನೀರು ಸೇರಿ ಅದರ ಒಳಭಾಗ, ಗ್ರಿಪ್‌ನ ಅಡಿ ಮತ್ತು ಕೊರೆದ ರಂಧ್ರಗಳ ಸುತ್ತ ತುಕ್ಕು ಮೊದಲು ಹಿಡಿಯುತ್ತದೆ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಸಮುದ್ರದ ಹತ್ತಿರ ಬೈಕ್ ನಿಲ್ಲಿಸುವವರು ಆನೊಡೈಸ್ ಮಾಡಿದ, ಅಂದರೆ ಮೇಲ್ಮೈಗೆ ರಕ್ಷಣೆಯ ಪದರ ಕೊಟ್ಟ, ಅಲ್ಯುಮಿನಿಯಂ ಹ್ಯಾಂಡಲ್ ಕೊಂಡರೆ ಒಳ್ಳೆಯದು. ಆದರೆ ಬಿದ್ದು ಬಾಗಿದ ಅಲ್ಯುಮಿನಿಯಂ ಹ್ಯಾಂಡಲನ್ನು ನೆಟ್ಟಗೆ ಮಾಡಿಸಿ ಮತ್ತೆ ಹಾಕಿಕೊಳ್ಳಬಾರದು, ಅದು ಮುನ್ಸೂಚನೆಯಿಲ್ಲದೆ ಮುರಿಯಬಹುದು.

ಎತ್ತರದ ನಿಜವಾದ ಮಿತಿಯನ್ನು ನಿರ್ಧರಿಸುವುದು ಹ್ಯಾಂಡಲಿಗೆ ಬರುವ ಕೇಬಲುಗಳು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕಿನ ಹೋಸ್ (ಬ್ರೇಕ್ ಆಯಿಲ್ ಇರುವ ಕೊಳವೆ), ಸ್ವಿಚ್ಚುಗಳ ವಯರುಗಳು ಇವೆಲ್ಲ ಹಳೆಯ ಎತ್ತರಕ್ಕೆ ತಕ್ಕಷ್ಟೇ ಉದ್ದ ಇರುತ್ತವೆ. ಹೊಸ ಹ್ಯಾಂಡಲನ್ನು ತಾತ್ಕಾಲಿಕವಾಗಿ ಕೂರಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಫೋರ್ಕು ಪೂರ್ತಿ ಕೆಳಗಿಳಿದಿರುವಾಗ, ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಿ. ಯಾವುದೂ ಬಿಗಿಯಬಾರದು, ಮಡಚಬಾರದು, ಚಾಸಿಗೆ ಒರಸಬಾರದು. ನಂತರ ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಚಾಲೂ ಮಾಡಿ ಮತ್ತೊಮ್ಮೆ ನಿಧಾನವಾಗಿ ಎರಡೂ ಕಡೆಗೆ ತಿರುಗಿಸಬೇಕು. ತಿರುಗಿಸುವಾಗ ಇಂಜಿನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದೇ ಅರ್ಥ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಸಾಮಾನು ಹೇರಿಕೊಂಡು, ಎದುರಿಗೆ ವಾಹನ ಬರುತ್ತಿರುವಾಗ ಹಾಗೆ ವೇಗ ತಾನಾಗಿ ಏರಿದರೆ ಏನಾಗಬಹುದು ಎಂದು ಯೋಚಿಸಿ, ಉದ್ದದ ಕೇಬಲ್ ಹಾಕಿಸದೆ ಬೈಕನ್ನು ರಸ್ತೆಗಿಳಿಸಬೇಡಿ. ಕ್ಲಚ್ ಲಿವರಿನ ಸಡಿಲವೂ ನೇರವಾಗಿ, ಎಡಕ್ಕೆ, ಬಲಕ್ಕೆ ಒಂದೇ ಪ್ರಮಾಣದಲ್ಲಿ ಇರಬೇಕು. ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್‌ನಂಥ ರೈಡ್ ಬೈ ವೈರ್ (ಆಕ್ಸಿಲರೇಟರಿನ ಸಂದೇಶ ವಿದ್ಯುತ್ ವಯರಿನಲ್ಲಿ ಹೋಗುವ) ಬೈಕುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲದಿದ್ದರೂ ಅದರ ಬದಲಿಗಿರುವ ವಯರಿಗೂ ಉದ್ದದ ಮಿತಿ ಇದ್ದೇ ಇದೆ, ಮತ್ತು ಅದು ಒಳಗೇ ತುಂಡಾದರೆ ದೋಷ ಹುಡುಕುವುದು ಇನ್ನೂ ಕಷ್ಟ.

ಬ್ರೇಕ್ ಹೋಸ್ ಸಾಲದಿದ್ದರೆ ಅದನ್ನು ಎಳೆದು ಹೊಂದಿಸುವ ಮಾತೇ ಬೇಡ. ನಿಮ್ಮ ಬೈಕಿಗೆ ತಕ್ಕ ಉದ್ದದ ಹೋಸನ್ನು ಹಾಕಿಸಿ, ಎರಡೂ ಕಡೆ ಹೊಸ ವಾಷರ್ ಬಳಸಿ, ಮ್ಯಾನುಯಲ್‌ನಲ್ಲಿ ಹೇಳಿದ ದರ್ಜೆಯ ಹೊಸ ಬ್ರೇಕ್ ಆಯಿಲ್ ತುಂಬಿಸಿ, ಗಾಳಿಯನ್ನು ಪೂರ್ತಿ ಹೊರತೆಗೆಸಬೇಕು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಮ್ಮ ಊರಿನ ಹವೆಯಲ್ಲಿ ಬಹಳ ದಿನ ತೆರೆದಿಟ್ಟ ಡಬ್ಬಿಯದನ್ನು ಬಳಸುವುದು ಬೇಡ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ. ಎಬಿಎಸ್ ಇರುವ ಕೆಲವು ಬೈಕುಗಳಲ್ಲಿ ಗಾಳಿ ತೆಗೆಯಲು ಕಂಪ್ಯೂಟರ್ ಉಪಕರಣ ಬೇಕಾಗುತ್ತದೆ, ಆದ್ದರಿಂದ ಈ ಕೆಲಸವನ್ನು ಅದರ ಸೌಲಭ್ಯವಿರುವ ಗ್ಯಾರೇಜಿಗೇ ಒಪ್ಪಿಸಿ.

ಸ್ವಿಚ್ಚಿನ ಪೆಟ್ಟಿಗೆ ತಿರುಗದಂತೆ ಹಿಡಿಯುವ ಸಣ್ಣ ಪಿನ್ನಿಗೆ ಹೊಸ ಹ್ಯಾಂಡಲಿನಲ್ಲಿ ರಂಧ್ರ ಕೊರೆಯಬೇಕಾಗಬಹುದು. ಎಲ್ಲವನ್ನೂ ಕೂರಿಸಿ, ಲಿವರಿನ ಕೋನ ಖಚಿತವಾದ ಮೇಲೆಯೇ ಗುರುತು ಮಾಡಿ ಕೊರೆಸಿ. ಕ್ಲ್ಯಾಂಪಿನ ಹತ್ತಿರ ಯಾವ ರಂಧ್ರವನ್ನೂ ಕೊರೆಯಬಾರದು. ಗಾಳಿ ತಡೆಯುವ ಗಾಜು, ಹ್ಯಾಂಡ್‌ಗಾರ್ಡ್, ಟ್ಯಾಂಕ್, ಮಂಡಿ ಇವಾವುವೂ ಪೂರ್ತಿ ತಿರುಗಿಸಿದಾಗ ಕೈಗೆ ತಾಗಬಾರದು. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರ್) ಮ್ಯಾನುಯಲ್‌ನಲ್ಲಿರುವ ಅಳತೆಗೆ ಮತ್ತು ಅದು ಹೇಳುವ ಕ್ರಮದಲ್ಲಿಯೇ ಬಿಗಿಯಿರಿ. ಕೈ ಅಂದಾಜಿನಲ್ಲಿ ಬಿಗಿದ ಬೋಲ್ಟು ಅಲ್ಯುಮಿನಿಯಂನಲ್ಲಿ ಕೊರೆದ ತಿರುಪಿನ ಎಳೆಗಳನ್ನು ಹಾಳುಮಾಡಬಹುದು.

ಕಾನೂನಿನ ಕಡೆಗೂ ಒಮ್ಮೆ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದ್ದರಿಂದ ನಿಮ್ಮ ಬೈಕಿನ ಕಂಪನಿಯೇ ಆ ಮಾದರಿಗೆಂದು ಮಾರುವ ರೈಸರ್ ಅಥವಾ ಹ್ಯಾಂಡಲ್ ಇದ್ದರೆ ಮೊದಲ ಆದ್ಯತೆ ಅದಕ್ಕಿರಲಿ, ಅದರ ಬಿಲ್ಲನ್ನು ಜೋಪಾನವಾಗಿಡಿ, ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಕೊಳ್ಳುವ ಮೊದಲೇ ಓದಿಕೊಳ್ಳಿ.

ಜೋಡಣೆ ಮುಗಿದ ದಿನವೇ ದೂರ ಹೊರಡಬೇಡಿ. ಮೊದಲು ಊರೊಳಗೆ ಓಡಿಸಿ, ಬ್ರೇಕು, ಕ್ಲಚ್, ಕನ್ನಡಿಗಳ ನೋಟ ಸರಿಯಿದೆಯೇ ನೋಡಿ. ಬಳಿಕ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿ ದಾಟಿ, ಒಂದು ಬದಿಗೆ ಕಡಲು, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಮರವಂತೆಯವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ. ನೆಟ್ಟಗೆ ಕುಳಿತ ಸವಾರನ ಎದೆಗೆ ಗಾಳಿ ಹೆಚ್ಚು ಬಡಿಯುತ್ತದೆ, ಅದನ್ನು ಎದುರಿಸಲು ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡರೆ ಹಳೆಯ ಹೆಗಲುನೋವು ಹೊಸ ಕಾರಣದಿಂದ ಮರಳುತ್ತದೆ. ಕಡಲ ಅಡ್ಡಗಾಳಿ ಬೀಸುವ ಆ ದಾರಿಯಲ್ಲಿ ಇದು ಬೇಗ ತಿಳಿಯುತ್ತದೆ. ಹಾಗಾದರೆ ರೈಸರನ್ನು 10 ಮಿ.ಮೀ. ತಗ್ಗಿಸುವುದು ಅಥವಾ ಗಾಳಿಗಾಜಿನ ಎತ್ತರ ಬದಲಿಸುವುದು ಪರಿಹಾರ. ಮತ್ತೊಂದು ದಿನ ಹೆಬ್ರಿ, ಸೋಮೇಶ್ವರದ ಮೂಲಕ ಆಗುಂಬೆ ಹತ್ತಿ ಇಳಿಯಿರಿ. ಮೈಭಾರ ಹಿಂದಕ್ಕೆ ಸರಿದಿರುವುದರಿಂದ ಮುಂದಿನ ಚಕ್ರದ ಹಿಡಿತ ಕೈಗೆ ಮೊದಲಿನಷ್ಟು ಸ್ಪಷ್ಟವಾಗಿ ತಿಳಿಯದಿರಬಹುದು; ಒದ್ದೆ ರಸ್ತೆಗೆ ಇಳಿಯುವ ಮೊದಲು ಒಣ ರಸ್ತೆಯಲ್ಲಿ ಅದಕ್ಕೆ ಒಗ್ಗಿಕೊಳ್ಳಿ. ಬಂದ ಮೇಲೆ ಕ್ಲ್ಯಾಂಪಿನ ಬೋಲ್ಟುಗಳನ್ನು ಮತ್ತೊಮ್ಮೆ ರೆಂಚಿನಿಂದ ಪರೀಕ್ಷಿಸಿ, ಕೇಬಲುಗಳು ಎಲ್ಲಾದರೂ ಸವೆದ ಗುರುತಿದೆಯೇ ನೋಡಿ. ಹಳೆಯ ಹ್ಯಾಂಡಲ್, ಕೇಬಲ್, ಬೋಲ್ಟುಗಳಿಗೆ ತೆಳುವಾಗಿ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೆಸರು ಬರೆದು ಒಣ ಜಾಗದಲ್ಲಿಡಿ. ಬೈಕ್ ಮಾರುವಾಗ ಅಥವಾ ಮೂಲಸ್ಥಿತಿಗೆ ತರಬೇಕಾದಾಗ ಅವು ಬೇಕಾಗುತ್ತವೆ.