ಅರ್ಧ ಗಳಿಗೆ ಉಸಿರಿಗೆ, ಉಳಿದದ್ದು ಪಂಚಾಂಗಕ್ಕೆ

ಪಂಚಾಂಗದಲ್ಲಿ ತಿಥಿ, ನಕ್ಷತ್ರದ ಮುಂದೆ ಗಳಿಗೆ–ವಿಗಳಿಗೆ ಎಂದು ಅಂಕಿಗಳಿರುತ್ತವೆ. ಆ ಲೆಕ್ಕದ ಬುಡದಲ್ಲಿರುವುದು ಮನುಷ್ಯನ ಉಸಿರು. ಸೂರ್ಯಸಿದ್ಧಾಂತದ ಅಳತೆಯಲ್ಲಿ ಕಾಲದ ಮೊದಲ ಮೆಟ್ಟಿಲು ‘ಪ್ರಾಣ’, ಅಂದರೆ ಆರೋಗ್ಯವಂತನೊಬ್ಬ ಒಮ್ಮೆ ಉಸಿರಾಡುವ ಹೊತ್ತು. ಈಗಿನ 4 ಸೆಕೆಂಡು. 6 ಪ್ರಾಣಕ್ಕೆ ಒಂದು ವಿಗಳಿಗೆ, 60 ವಿಗಳಿಗೆಗೆ ಒಂದು ಗಳಿಗೆ, 60 ಗಳಿಗೆಗೆ ಒಂದು ದಿನ. ಗುಣಿಸಿ ನೋಡಿ: ದಿನಕ್ಕೆ 21,600 ಉಸಿರು. ಹಠಯೋಗದವರು ಹೇಳುವ ಅಜಪಾಜಪದ, ಅಂದರೆ ಉಸಿರಿನ ಜೊತೆ ತಾನಾಗಿ ನಡೆಯುವ ಜಪದ, ಸಂಖ್ಯೆಯೂ ಇದೇ.

ದಿನನಿತ್ಯದ ಒತ್ತಡಕ್ಕೆ ಜ್ಯೋತಿಷದಲ್ಲಿ ಸಮಾಧಾನ ಹುಡುಕುವವರು ರಾಶಿಫಲಕ್ಕೆ ಹೋಗುವ ಮೊದಲು ಈ ಗಳಿಗೆಯನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಗ್ರಹಗತಿಯಿಂದ ಮನಸ್ಸು ಕೆಡುತ್ತದೆ ಎನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದರೆ ಉಸಿರು ಒಳಗೆ ಹೋಗುವಾಗ ನಾಡಿ ಚುರುಕಾಗಿ, ಹೊರಗೆ ಬಿಡುವಾಗ ನಿಧಾನವಾಗುವುದನ್ನು ಮಣಿಕಟ್ಟಿನ ಮೇಲೆ ಬೆರಳಿಟ್ಟು ಯಾರಾದರೂ ನೋಡಬಹುದು. ಉಸಿರು ಬಿಡುವ ಹೊತ್ತನ್ನು ಉದ್ದ ಮಾಡುವುದೇ ಮುಂದೆ ಹೇಳುವ ಅಭ್ಯಾಸದ ಗುಟ್ಟು.

ಹೊತ್ತು ಮತ್ತು ಜಾಗ

ಬೇಕಾದದ್ದು ಅರ್ಧ ಗಳಿಗೆ, 12 ನಿಮಿಷ. ಬೆಳಗಿನ ಸಂಧ್ಯೆ ಸಿಕ್ಕರೆ ಸರಿ. ಇಲ್ಲವಾದರೆ ದೇವರಿಗೆ ದೀಪ ಹಚ್ಚುವ ಹೊತ್ತು. ಊಟವಾಗಿ 3 ಗಂಟೆಯಾದರೂ ಕಳೆದಿರಲಿ. ಚಾಪೆ ಮೇಲೆ ಕೂರಲು ಮಂಡಿ ಬಿಡದಿದ್ದರೆ ಕುರ್ಚಿಯೇ ಸಾಕು, ಆದರೆ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಮೊಬೈಲನ್ನು 12 ನಿಮಿಷಕ್ಕೆ ಟೈಮರ್ ಇಟ್ಟು ಮಗುಚಿಡಿ.

ಮೊದಲ 2 ನಿಮಿಷ: ಎಣಿಸುವುದಷ್ಟೇ

ಉಸಿರನ್ನು ತಿದ್ದಬೇಡಿ. ಒಂದು ನಿಮಿಷಕ್ಕೆ ಎಷ್ಟು ಬಂತು ಎಂದು ಎಣಿಸಿ. ಹಳಬರ ಲೆಕ್ಕದಲ್ಲಿ 15 ಬರಬೇಕು. ದೊಡ್ಡವರಲ್ಲಿ 12ರಿಂದ 20 ಇದ್ದರೆ ಸಹಜ. ಆಫೀಸಿನಿಂದ ಬಂದವರೇ ಕೂತರೆ 20ರ ಆಚೆಗೂ ಹೋಗಬಹುದು. ಆ ಅಂಕಿಯನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ಮುಂದಿನ 5 ನಿಮಿಷ: ಚಂದ್ರನಾಡಿ, ಸೂರ್ಯನಾಡಿ

ಯೋಗದಲ್ಲಿ ಎಡ ಹೊಳ್ಳೆ ಚಂದ್ರನದು, ಇಡಾ. ಬಲ ಹೊಳ್ಳೆ ಸೂರ್ಯನದು, ಪಿಂಗಳಾ. ಎರಡನ್ನೂ ಸರದಿಯಲ್ಲಿ ನಡೆಸುವುದೇ ನಾಡಿಶೋಧನ. ಬಲಗೈಯ ತೋರುಬೆರಳು, ಮಧ್ಯದ ಬೆರಳನ್ನು ಮಡಚಿ. ಹೆಬ್ಬೆರಳಿಂದ ಬಲ ಹೊಳ್ಳೆ ಮುಚ್ಚಿ, ಎಡದಿಂದ 4 ಎಣಿಸುತ್ತ ಎಳೆದುಕೊಳ್ಳಿ. ಉಂಗುರದ ಬೆರಳಿಂದ ಎಡವನ್ನು ಮುಚ್ಚಿ, ಹೆಬ್ಬೆರಳು ಸಡಿಲಿಸಿ, ಬಲದಿಂದ 6 ಎಣಿಸುತ್ತ ಬಿಡಿ. ಬಲದಿಂದಲೇ 4 ಎಳೆದು ಎಡದಿಂದ 6 ಬಿಟ್ಟರೆ ಒಂದು ಸುತ್ತು, 20 ಸೆಕೆಂಡು. 5 ನಿಮಿಷಕ್ಕೆ 15 ಸುತ್ತು.

ಕೆಡುವುದು ಹೆಚ್ಚಾಗಿ ಬೆರಳಲ್ಲಿ. ಮೂಗಿನ ಗಟ್ಟಿ ಮೂಳೆ ಮುಗಿದು ಮೆತ್ತಗಾಗುವ ಕಡೆ ತಾಗಿಸಿದರೆ ಸಾಕು. ಹಿಂಡಿದರೆ ಮೂಗು ಓರೆಯಾಗಿ ತೆರೆದ ಹೊಳ್ಳೆಯೂ ಕಿರಿದಾಗುತ್ತದೆ. ಬಲಗೈ ಸೋತಾಗ ಭುಜ ಮೇಲೇರಿ ಕತ್ತು ವಾಲುತ್ತದೆ. ಆಗ ಎಡ ಅಂಗೈಯನ್ನು ಬಲ ಮೊಣಕೈಗೆ ಆಸರೆ ಕೊಡಿ. ಒಂದು ಹೊಳ್ಳೆ ಬಿಗಿಯಾಗಿದ್ದರೆ ದೋಷವೆಂದು ತಿಳಿಯಬೇಡಿ. ಕೆಲವು ಗಂಟೆಗೊಮ್ಮೆ ಹೊಳ್ಳೆಗಳು ಪಾಳಿ ಬದಲಾಯಿಸುವುದು ದೇಹದ ಸ್ವಭಾವ. ಪೂರ್ತಿ ನೆಗಡಿ ಇರುವ ದಿನ ಬೆರಳು ಬಿಟ್ಟು, ಎರಡೂ ಹೊಳ್ಳೆಯಿಂದ ಸಾಧ್ಯವಾದಷ್ಟು ಅದೇ 4–6ರ ಲೆಕ್ಕ ನಡೆಸಿ.

ತುಟಿ ಜುಮ್ಮೆಂದರೆ, ತಲೆ ಹಗುರಾದರೆ ಅದು ಸಿದ್ಧಿಯ ಲಕ್ಷಣವಲ್ಲ! ನೀವು ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆಯುತ್ತಿದ್ದೀರಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದಿದೆ. ನಿಲ್ಲಿಸಿ, ಮಾಮೂಲಿ ಉಸಿರಾಡಿ, ಮರುದಿನ 3–4ರ ಎಣಿಕೆಗೆ ಇಳಿಯಿರಿ. ಕುಂಭಕ, ಅಂದರೆ ಉಸಿರು ಹಿಡಿದಿಡುವುದು, ಇಲ್ಲಿ ಬೇಡವೇ ಬೇಡ. ರಕ್ತದೊತ್ತಡ, ಹೃದ್ರೋಗ ಇರುವವರು, ಗರ್ಭಿಣಿಯರು ಅದರ ತಂಟೆಗೇ ಹೋಗಬಾರದು.

ಎಣಿಕೆ ಬೇಸರವಾದವರಿಗೆ ಶ್ಲೋಕವಿದೆ. ನವಗ್ರಹ ಸ್ತೋತ್ರದ ಪ್ರತಿ ಶ್ಲೋಕವೂ 32 ಅಕ್ಷರದ ಅನುಷ್ಟುಪ್ ಛಂದಸ್ಸಿನಲ್ಲಿದೆ. 16 ಅಕ್ಷರದ ಒಂದು ಸಾಲನ್ನು ಅವಸರವಿಲ್ಲದೆ ಹೇಳಿದರೆ 5–6 ಸೆಕೆಂಡು. ಮನಸ್ಸಿನ ಕಾರಕ ಚಂದ್ರ ಎನ್ನುವವರು ಅವನ ಶ್ಲೋಕವನ್ನೇ ಆರಿಸಿ, ಬೆರಳು ಬಿಟ್ಟು, ಒಂದು ಸಾಲಿಗೆ ಒಂದೇ ಉಸಿರು ಬಿಡುತ್ತ ಹೇಳಲಿ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲ್ಯಾಟಿನ್ ಜಪಸರದ ಪ್ರಾರ್ಥನೆ, ‘ಓಂ ಮಣಿ ಪದ್ಮೇ ಹೂಂ’ ಎರಡೂ ಉಸಿರನ್ನು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಸಿದ್ದವು. ನಮ್ಮ 4–6ರ ಲೆಕ್ಕವೂ ಅಷ್ಟೇ ತಾನೆ.

ಆಮೇಲೆ ಭ್ರಾಮರಿ, 7 ಸಲ. ಕಿವಿಯ ಬಾಗಿಲಲ್ಲಿರುವ ಪುಟ್ಟ ಮಡಿಕೆಯನ್ನು ಹೆಬ್ಬೆರಳಿಂದ ಒತ್ತಿ ಮುಚ್ಚಿ. ತೂತಿನೊಳಕ್ಕೆ ಬೆರಳು ತೂರಿಸಬೇಡಿ. ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ತಗ್ಗಿದ ದನಿಯಲ್ಲಿ ದುಂಬಿಯಂತೆ ಮೊರೆಯುತ್ತ ಉಸಿರು ಬಿಡಿ. ತುಟಿಯಲ್ಲಿ ಕಚಗುಳಿಯಾದರೆ ಶ್ರುತಿ ಸರಿಯಿದೆ. ಕಿವಿ ಸೋರುವವರಿಗೆ ಇದು ಬೇಡ. ಉಳಿದ ಹೊತ್ತು ಶವಾಸನ; ಕೊನೆಗೆ ಇನ್ನೊಮ್ಮೆ ಎಣಿಸಿ, ಮೊದಲಿನ ಅಂಕಿಯ ಪಕ್ಕ ಬರೆಯಿರಿ.

ಪಂಚಾಂಗದಿಂದ ಎಷ್ಟು ತೆಗೆದುಕೊಳ್ಳಬೇಕು

ರಾಹುಕಾಲ, ಯಮಗಂಡ, ಗುಳಿಕ ಎಂಬ ಒಂದೂವರೆ ಗಂಟೆಯ ಮೂರು ಹೊತ್ತನ್ನೂ ಬಿಟ್ಟರೆ ಹಗಲಿನ 12 ಗಂಟೆಯಲ್ಲಿ ನಾಲ್ಕೂವರೆ ಗಂಟೆ ಹೋಯಿತು. ದುರ್ಮುಹೂರ್ತವನ್ನೂ ಸೇರಿಸಿಕೊಂಡವರಿಗೆ ಒತ್ತಡಕ್ಕೆ ಬೇರೆ ಕಾರಣ ಬೇಕಿಲ್ಲ. ಒಂದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ.

ರಾಹುಕಾಲವನ್ನು ಇಟ್ಟುಕೊಂಡಿರಾದರೆ ಸರಿಯಾಗಿ ಲೆಕ್ಕ ಹಾಕಿ. ಸೋಮವಾರ 7.30–9 ಎಂಬ ಪಟ್ಟಿ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ದಿನಕ್ಕೆ ಮಾತ್ರ ಸರಿ. ನಿಮ್ಮೂರಿನ ಹಗಲನ್ನು 8 ಭಾಗ ಮಾಡಿ: ಸೋಮವಾರ 2ನೆಯದು, ಶನಿವಾರ 3, ಶುಕ್ರವಾರ 4, ಬುಧವಾರ 5, ಗುರುವಾರ 6, ಮಂಗಳವಾರ 7, ಭಾನುವಾರ 8ನೆಯದು ರಾಹುವಿನದು. ಸೂರ್ಯೋದಯ 6.34, ಅಸ್ತ ಸಂಜೆ 5.58 ಇರುವ ಸೋಮವಾರ ಎಂದಿಟ್ಟುಕೊಳ್ಳಿ. ಹಗಲು 684 ನಿಮಿಷ, ಒಂದು ಭಾಗ ಎಂಬತ್ತೈದೂವರೆ ನಿಮಿಷ. ರಾಹುಕಾಲ ಸುಮಾರು 8ರಿಂದ 9.25. ಜೂನ್‌ನಲ್ಲಿ ಲಂಡನ್ನಿನ ಹಗಲು 16 ಗಂಟೆ ಮೀರುವುದರಿಂದ ಅಲ್ಲಿರುವ ಕನ್ನಡಿಗರ ಒಂದು ಭಾಗವೇ 2 ಗಂಟೆಗಿಂತ ಉದ್ದ. ಊರಿಂದ ತರಿಸಿಕೊಂಡ ಕ್ಯಾಲೆಂಡರ್ ಅಲ್ಲಿ ಕೆಲಸಕ್ಕೆ ಬಾರದು.

ಶಾಸ್ತ್ರ ಹೇಳುವುದು ರಾಹುಕಾಲದಲ್ಲಿ ಹೊಸದನ್ನು ಶುರು ಮಾಡಬೇಡಿ ಎಂದು. ನಡೆಯುತ್ತಿರುವ ಕೆಲಸಕ್ಕೆ ಅಡ್ಡಿಯಿಲ್ಲ. ಹಾಗಾಗಿ ಆ ಹೊತ್ತನ್ನು ಬಾಕಿಗೆ ಮೀಸಲಿಡಿ: ಕಟ್ಟದ ಕರೆಂಟ್ ಬಿಲ್ಲು, ಉತ್ತರಿಸದ ಇಮೇಲ್, ಅರ್ಧಕ್ಕೆ ನಿಂತ ಅರ್ಜಿ. ತಲೆ ಕೊರೆಯುವುದರಲ್ಲಿ ಮುಕ್ಕಾಲು ಪಾಲು ಇಂಥವೇ.

ಚಂದ್ರಾಷ್ಟಮವನ್ನೂ ಹೀಗೇ ದುಡಿಸಿಕೊಳ್ಳಬಹುದು. ಜನ್ಮರಾಶಿಯನ್ನೇ 1 ಎಂದು ಎಣಿಸಿ 8ನೆಯದಕ್ಕೆ ಚಂದ್ರ ಬರುವ ಸುಮಾರು ಎರಡೂಕಾಲು ದಿನ ಅದು, ಮೇಷದವರಿಗೆ ವೃಶ್ಚಿಕ. ಹುಟ್ಟಿದ ತಿಂಗಳು ನೋಡಿ ಹೇಳುವ ಇಂಗ್ಲಿಷ್ ರಾಶಿ ಇಲ್ಲಿ ನಡೆಯದು, ಜನ್ಮನಕ್ಷತ್ರದ ರಾಶಿ ಬೇಕು. ಕೃತ್ತಿಕೆಯವರು ಪಾದವನ್ನೂ, ಅಂದರೆ ನಕ್ಷತ್ರದ ಕಾಲುಭಾಗವನ್ನೂ, ನೋಡಬೇಕು: ಮೊದಲನೆಯದು ಮೇಷ, ಉಳಿದ ಮೂರು ವೃಷಭ. ಆ ದಿನಗಳಿಗೆ ಹೆದರಿ ಶಾಂತಿ ಮಾಡಿಸುವ ಅಗತ್ಯವಿಲ್ಲ. ತಿಂಗಳಿಗೊಮ್ಮೆ ತಾನಾಗಿ ಬರುವ ನೆನಪೋಲೆ ಎಂದುಕೊಂಡು ರಾತ್ರಿ ಒಂದು ಗಂಟೆ ಬೇಗ ಮಲಗಿ, ಸಂಜೆಯ ಕಾಫಿ ಬಿಡಿ, ಅರ್ಧ ಗಳಿಗೆಯ ಅಭ್ಯಾಸವನ್ನು ಎರಡು ಹೊತ್ತು ಮಾಡಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅದು ಸಾಡೇಸಾತಿ, ಶನಿಯ ಕಾಟ ಎಂದು ಏಳೂವರೆ ವರ್ಷ ಕಾಯುವ ವಿಷಯವಲ್ಲ. ಸಾಯುವ ಯೋಚನೆ ಬಂದ ದಿನವಂತೂ ಎರಡು ವಾರದ ಲೆಕ್ಕವೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾಹುಕಾಲದಲ್ಲೂ ಎತ್ತುತ್ತಾರೆ.