ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನಾನು ಅಳೆಯೋದು ಹೀಗೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿ ಕಣ್ಣಿಗೆ ಕೆಂಪಗೆ ಕಂಡರೆ ಸಾಲದು. ಹೊರದೇಶಕ್ಕೆ ಕಳಿಸುವವರು ಮೊದಲು ಕೇಳೋದೇ 'ಆಸ್ಟಾ ಎಷ್ಟು?' ಅಂತ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ ಗೊತ್ತು ಮಾಡಿದ ಬಣ್ಣದ ಅಳತೆ ಅದು. ಹಾವೇರಿ ಜಿಲ್ಲೆಯ ಸಣ್ಣ ಲ್ಯಾಬ್ ಒಂದರಲ್ಲಿ ನಾನು ಮಾಡುವ ಕೆಲಸ ಅದೇ.

ಕಾಯಿಯನ್ನು ಬೀಜದ ಸಮೇತ ಪುಡಿ ಮಾಡುತ್ತೇನೆ. ಬೀಜದಲ್ಲಿ ಬಣ್ಣ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಸಿಪ್ಪೆ ಅರೆದರೆ ಅಂಕಿ ಚೆಂದ ಬರುತ್ತದೆ, ಆದರೆ ಚೀಲದಲ್ಲಿರೋ ಮಾಲೇ ಬೇರೆ ಅಲ್ವಾ?

70ರಿಂದ 100 ಮಿಲಿಗ್ರಾಂ ಪುಡಿ ತೂಗಿ, 100 ಮಿಲಿಲೀಟರ್ ಫ್ಲಾಸ್ಕಿಗೆ ಹಾಕಿ, ಗೆರೆಯವರೆಗೆ ಅಸಿಟೋನ್ ತುಂಬಿಸಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ 16 ಗಂಟೆ ಇಡಬೇಕು. ಕೆಂಪು ಕೊಡುವ ಕ್ಯಾಪ್ಸಾಂಥಿನ್ ನೀರಿಗೆ ಬಗ್ಗಲ್ಲ, ಅಸಿಟೋನಿಗೆ ಬಿಡುತ್ತದೆ. ಮುಚ್ಚಳ ಸಡಿಲ ಇದ್ದರೆ ನಮ್ಮ ಮಾರ್ಚ್ ಬಿಸಿಲಿಗೆ ಅಸಿಟೋನ್ ಹಾರಿಹೋಗಿ, ಇಲ್ಲದ ಬಣ್ಣ ಇದ್ದ ಹಾಗೆ ತೋರಿಸುತ್ತದೆ. ಬೆಳಿಗ್ಗೆ ಪುಡಿ ತಳ ಸೇರಿರುತ್ತದೆ, ಮೇಲಿನ ದ್ರವ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಲಕದೆ ತೆಗೆದು ಗಾಜಿನ ಕ್ಯೂವೆಟ್‌ಗೆ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) ಹಾಕುತ್ತೇನೆ. ಅಗ್ಗದ ಪ್ಲಾಸ್ಟಿಕ್‌ದು ಬೇಡ, ಅಸಿಟೋನ್ ತಾಗಿದರೆ ಮಬ್ಬಾಗುತ್ತದೆ. ದ್ರವ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರವನ್ನು ಬರೀ ಅಸಿಟೋನಿಗೆ ಸೊನ್ನೆ ಹೊಂದಿಸಿ, 460 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದುತ್ತೇನೆ.

ಓದಿದ್ದು 0.30ರಿಂದ 0.70ರ ಒಳಗಿರಬೇಕು. 0.70 ಅಂದರೇ ಹಾಕಿದ ಬೆಳಕಿನಲ್ಲಿ ಆಚೆ ಬರೋದು ಸುಮಾರು ಶೇ. 20 ಮಾತ್ರ. ಅದಕ್ಕಿಂತ ಜಾಸ್ತಿ ಬಂದರೆ ಅಷ್ಟೇ ಅಸಿಟೋನ್ ಬೆರೆಸಿ ಮತ್ತೆ ಓದಿ, ಎರಡರಿಂದ ಗುಣಿಸುತ್ತೇನೆ.

ಲೆಕ್ಕ ಸುಲಭ. ಓದಿದ್ದನ್ನು 16.4ರಿಂದ ಗುಣಿಸಿ, ಗ್ರಾಂ ಲೆಕ್ಕದ ತೂಕದಿಂದ ಭಾಗಿಸಿದರೆ ಆಯಿತು. 0.0800 ಗ್ರಾಮಿಗೆ 0.62 ಬಂದರೆ ಆಸ್ಟಾ 127. ಯಂತ್ರ ತುಸು ಹೆಚ್ಚುಕಮ್ಮಿ ಓದುತ್ತಿದ್ದರೆ ಎಷ್ಟು ಬೆಳಕು ಹೀರುತ್ತದೆ ಅಂತ ಮೊದಲೇ ಗೊತ್ತಿರುವ ಗಾಜಿನ ಫಿಲ್ಟರಿನಿಂದ ಕಂಡುಕೊಂಡ ತಿದ್ದುಪಡಿ ಅಂಕಿಯಿಂದಲೂ ಗುಣಿಸಬೇಕು.

ಜನ ಯಂತ್ರದ ಮೇಲೆ ಅನುಮಾನ ಪಡುತ್ತಾರೆ. ನನಗೆ ಭಯ ತಕ್ಕಡಿಯದ್ದೇ. 80ರಲ್ಲಿ 1 ಮಿಲಿಗ್ರಾಂ ತಪ್ಪಿದರೂ ಒಂದೂವರೆ ಆಸ್ಟಾ ಆಚೀಚೆ. ಅಷ್ಟು ಪುಡಿ ಬೆರಳ ತುದಿಗೆ ಅಂಟಿಕೊಂಡೇ ಹೋಗುತ್ತದೆ!

ಖಾರಕ್ಕೂ ಈ ಅಂಕಿಗೂ ಸಂಬಂಧ ಇಲ್ಲ. ಖಾರದ ಕ್ಯಾಪ್ಸೈಸಿನ್ 460ರಲ್ಲಿ ಬೆಳಕು ಹೀರಲ್ಲ. ಸಂಬಂಧ ಇರೋದು ತೇವಕ್ಕೆ. ತೂಕ ಬರಲಿ ಅಂತ ಯಾರಾದರೂ ನೀರು ಚಿಮುಕಿಸಿದ್ದರೆ ನಾನು ತೂಗೋದರಲ್ಲಿ ಆ ನೀರೂ ಸೇರುತ್ತದೆ. ಶೇ. 10 ತೇವದಲ್ಲಿ 127 ಇದ್ದ ಕಾಯಿ ಶೇ. 14ಕ್ಕೆ ಹೋದರೆ 121 ತೋರಿಸುತ್ತದೆ. ಅದಕ್ಕೇ ವರದಿಯಲ್ಲಿ ಆಸ್ಟಾ ಪಕ್ಕ ತೇವವನ್ನೂ ಬರೆದೇ ಕೊಡುತ್ತೇನೆ.